ಮಂತ್ರಿಗಳೇ ಇಲ್ಲದ ಸಂಪುಟ: ತುರಿಂಗಿಯಾದ ಆ 28 ದಿನ

2019ರ ಚುನಾವಣೆಗೆ ಜರ್ಮನಿಯ ತುರಿಂಗಿಯಾ ರಾಜ್ಯದಲ್ಲಿ ಉದಾರವಾದಿ ಎಫ್‌ಡಿಪಿ ಪಕ್ಷ ಒಂದು ತಮಾಷೆಯ ಪೋಸ್ಟರ್ ಮಾಡಿಸಿತ್ತು. ಅದರಲ್ಲಿ ಪಕ್ಷದ ನಾಯಕ ಥೊಮಾಸ್ ಕೆಮ್ಮರಿಶ್ ಅವರ ನುಣ್ಣನೆಯ ಬೋಳುತಲೆ. ಜೊತೆಗೊಂದು ಸಾಲು. ಅಂತೂ ಇತಿಹಾಸದ ಕ್ಲಾಸಿನಲ್ಲಿ ಪಾಠ ಕೇಳಿಸಿಕೊಂಡ ಬೋಳುತಲೆಯೊಂದು ಸಿಕ್ಕಿತು ಅನ್ನುವ ಅರ್ಥದ್ದು. ಜರ್ಮನಿಯಲ್ಲಿ ಬೋಳುತಲೆ ಅಂದರೆ ಬರೀ ಕೂದಲು ಉದುರಿದ ತಲೆ ಮಾತ್ರ ಅಲ್ಲ. ತಲೆ ಬೋಳಿಸಿಕೊಂಡು ಬೀದಿಯಲ್ಲಿ ಗಲಾಟೆ ಮಾಡುವ ನವನಾಜಿಗಳನ್ನೂ ಅಲ್ಲಿನ ಜನ ಅದೇ ಪದದಿಂದ ಕರೆಯುತ್ತಾರೆ. ನನ್ನ ತಲೆಯೂ ಬೋಳು, ಆದರೆ ನಾನು ಆ ಜಾತಿಯವನಲ್ಲ ಅಂತ ಪೋಸ್ಟರ್ ಹೇಳುತ್ತಿತ್ತು. ಕೆಮ್ಮರಿಶ್ ಹೇರ್‌ಕಟಿಂಗ್ ಸಲೂನುಗಳ ಸರಣಿಯನ್ನು ಕಟ್ಟಿದ ವ್ಯಾಪಾರಿ ಬೇರೆ. ತಮಾಷೆಗೆ ಇನ್ನೇನು ಬೇಕು?

ಮೂರು ತಿಂಗಳು ಕಳೆಯಿತು. 2020ರ ಫೆಬ್ರವರಿ 5ರಂದು ಇದೇ ಕೆಮ್ಮರಿಶ್ ತುರಿಂಗಿಯಾದ ಮುಖ್ಯಮಂತ್ರಿಯಾಗಿ ಆಯ್ಕೆಯಾದರು. ಅವರನ್ನು ಗೆಲ್ಲಿಸಿದ್ದು ಅತಿ ಬಲಪಂಥದ ಎಎಫ್‌ಡಿ ಪಕ್ಷದ ಮತಗಳು. ಆ ಪಕ್ಷದ ಮತದಿಂದ ಜರ್ಮನಿಯಲ್ಲಿ ಒಬ್ಬ ಮುಖ್ಯಮಂತ್ರಿ ಆಯ್ಕೆಯಾದದ್ದು ಅದೇ ಮೊದಲು. ಮೂರೇ ದಿನದಲ್ಲಿ ಅವರು ರಾಜೀನಾಮೆ ಕೊಟ್ಟರು. ಹಂಗಾಮಿಯಾಗಿ ಕೂತ ದಿನಗಳನ್ನೂ ಸೇರಿಸಿದರೆ ಒಟ್ಟು 28 ದಿನ. ಅಷ್ಟೂ ದಿನ ಅವರ ಸಂಪುಟದಲ್ಲಿ ಇದ್ದವರು ಒಬ್ಬರೇ. ಅದೂ ಅವರೇ.

ಇಷ್ಟು ಚಿಕ್ಕ ಸರ್ಕಾರವನ್ನು ಜನ ಮರೆತುಬಿಡಬೇಕಿತ್ತು. ಆದರೆ ಪೂರ್ವ ಜರ್ಮನಿಯಲ್ಲಿ ಚುನಾವಣೆ ಬಂದಾಗಲೆಲ್ಲ ತುರಿಂಗಿಯಾದ ರಾಜಧಾನಿ ಎರ್ಫುರ್ಟ್‌ನ ಆ ದಿನದ ಮಾತು ಬಂದೇ ಬರುತ್ತದೆ. ಕೆಮ್ಮರಿಶ್ ಒಳ್ಳೆಯವರೋ ಕೆಟ್ಟವರೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಕಡಿಮೆ. ಅವರನ್ನು ಆ ಕುರ್ಚಿಗೆ ತಲುಪಿಸಿದ ನಿಯಮ ಹೇಗೆ ಕೆಲಸ ಮಾಡಿತು, ಅದು ಹಾಗೇ ಕೆಲಸ ಮಾಡಬಹುದು ಅಂತ ಯಾರ್ಯಾರಿಗೆ ಮೊದಲೇ ಗೊತ್ತಿತ್ತು, ಅದನ್ನು ನೋಡಬೇಕು.

ಮೊದಲು ಲೆಕ್ಕ. 2019ರ ಅಕ್ಟೋಬರ್ 27ರ ಚುನಾವಣೆಯಲ್ಲಿ ಎಡಪಕ್ಷ ಡಿ ಲಿಂಕೆ ಶೇ. 31 ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. 29 ಸೀಟು. ಎಎಫ್‌ಡಿಗೆ ಶೇ. 23.4, ಅಂದರೆ 22 ಸೀಟು. 1990ರಿಂದ 2014ರವರೆಗೆ ಬಿಡದೆ ರಾಜ್ಯ ಆಳಿದ ಸಂಪ್ರದಾಯವಾದಿ ಪಕ್ಷ ಸಿಡಿಯು 21 ಸೀಟಿನೊಂದಿಗೆ ಮೂರನೇ ಸ್ಥಾನಕ್ಕೆ ಕುಸಿಯಿತು. ಸೋಶಿಯಲ್ ಡೆಮಾಕ್ರಾಟರ ಎಸ್‌ಪಿಡಿಗೆ 8, ಹಸಿರು ಪಕ್ಷಕ್ಕೆ 5. ಕೊನೆಗೆ ಎಫ್‌ಡಿಪಿ. ಅಲ್ಲಿ ಶೇ. 5 ಮತ ದಾಟದ ಪಕ್ಷಕ್ಕೆ ಸದನದ ಬಾಗಿಲು ತೆರೆಯುವುದಿಲ್ಲ. ಎಫ್‌ಡಿಪಿ ಆ ಗೆರೆ ದಾಟಿದ್ದು ಬರೀ 73 ಮತಗಳಿಂದ. ಇಡೀ ರಾಜ್ಯದಲ್ಲಿ 73 ಮತ! ಒಂದು ಮದುವೆ ಛತ್ರದ ಒಂದು ಪಂಕ್ತಿಯ ಜನ. ಅದರಿಂದ ಅವರಿಗೆ 5 ಸೀಟು ಸಿಕ್ಕಿತು.

ಸದನದ ಒಟ್ಟು ಬಲ 90. ಬಹುಮತಕ್ಕೆ 46 ಬೇಕು. ಡಿ ಲಿಂಕೆಯ ಬೋಡೊ ರಾಮೆಲೊ 2014ರಿಂದ ಎಸ್‌ಪಿಡಿ ಮತ್ತು ಹಸಿರು ಪಕ್ಷದ ಜೊತೆ ಸೇರಿ ಸರ್ಕಾರ ನಡೆಸುತ್ತಿದ್ದರು. ಈಗ ಆ ಮೂರೂ ಸೇರಿದರೆ 42. ನಾಲ್ಕು ಕಮ್ಮಿ. ಹೋಗಲಿ, ಬೇರೆ ಯಾರಾದರೂ ಸೇರಿ ಸರ್ಕಾರ ಮಾಡಬಹುದಿತ್ತಾ ಅಂದರೆ, ಡಿ ಲಿಂಕೆ ಮತ್ತು ಎಎಫ್‌ಡಿ ಎರಡನ್ನೂ ಬಿಟ್ಟು ಉಳಿದವರೆಲ್ಲ ಸೇರಿದರೂ 39. ಅಂದರೆ ಎಡದ ತುದಿಯನ್ನೋ ಬಲದ ತುದಿಯನ್ನೋ ಮುಟ್ಟದೆ ಬಹುಮತ ಆಗುವ ದಾರಿಯೇ ಇರಲಿಲ್ಲ.

ಇಲ್ಲಿ ಸಿಕ್ಕಿಹಾಕಿಕೊಂಡದ್ದು ಸಿಡಿಯು. ಡಿ ಲಿಂಕೆ ಜೊತೆಗೂ ಇಲ್ಲ, ಎಎಫ್‌ಡಿ ಜೊತೆಗೂ ಇಲ್ಲ ಅಂತ ಪಕ್ಷದ ರಾಷ್ಟ್ರೀಯ ಸಮಾವೇಶ 2018ರ ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ನಿರ್ಣಯ ಮಾಡಿತ್ತು. ಡಿ ಲಿಂಕೆಯ ಬೇರು ಹಳೆಯ ಪೂರ್ವ ಜರ್ಮನಿಯನ್ನು ಆಳಿದ ಕಮ್ಯುನಿಸ್ಟ್ ಪಕ್ಷದಲ್ಲಿದೆ ಎಂಬುದು ಅದಕ್ಕೆ ಕಾರಣ. ರಾಮೆಲೊ ಸ್ವತಃ ಪಶ್ಚಿಮ ಜರ್ಮನಿಯಿಂದ ಬಂದ ಕಾರ್ಮಿಕ ಸಂಘದ ಮುಖಂಡ. ಆಡಳಿತದಲ್ಲೂ ಸೌಮ್ಯ, ಜನಪ್ರಿಯ ಕೂಡ. ಆದರೂ ನಿರ್ಣಯ ನಿರ್ಣಯವೇ. ಇನ್ನೊಂದು ಕಡೆ ಎಎಫ್‌ಡಿಯ ನಾಯಕ ಬ್ಯೋರ್ನ್ ಹ್ಯೋಕೆ. ಪ್ರತಿಭಟನೆಯೊಂದರಲ್ಲಿ ಈತನನ್ನು ಫ್ಯಾಸಿಸ್ಟ್ ಎಂದು ಕರೆಯಬಹುದೇ ಎಂಬ ಪ್ರಶ್ನೆ ಮೈನಿಂಗನ್‌ನ ಆಡಳಿತ ನ್ಯಾಯಾಲಯದವರೆಗೆ ಹೋಗಿತ್ತು. ಆ ಮಾತಿಗೆ ಪರಿಶೀಲಿಸಬಹುದಾದ ಆಧಾರ ಇದೆ, ಕರೆಯಬಹುದು ಅಂತ 2019ರಲ್ಲಿ ನ್ಯಾಯಾಲಯ ಹೇಳಿತ್ತು. ಅತ್ತ ದರಿ, ಇತ್ತ ಪುಲಿ. ಎರಡೂ ಒಂದೇ ತೂಕದ ಅಪಾಯವೇ ಎಂದು ಕೇಳಿಕೊಳ್ಳುವ ಧೈರ್ಯ ಸಿಡಿಯುಗೆ ಆಗ ಬರಲಿಲ್ಲ. ನನ್ನ ಪ್ರಕಾರ ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲ.

ಈಗ ನಿಯಮದ ವಿಷಯ. ಜರ್ಮನಿಯ ರಾಜ್ಯಗಳಲ್ಲಿ ರಾಜ್ಯಪಾಲರು ಇಲ್ಲ. ನಮ್ಮಲ್ಲಿಯ ಹಾಗೆ ಮೊದಲು ಪ್ರಮಾಣವಚನ, ಆಮೇಲೆ ವಿಶ್ವಾಸಮತ ಎಂಬ ಕ್ರಮವೂ ಇಲ್ಲ. ರಾಜ್ಯದ ಶಾಸನಸಭೆಗೆ ಲಾಂಡ್‌ಟಾಗ್ ಎನ್ನುತ್ತಾರೆ. ಅದೇ ನೇರವಾಗಿ ಮುಖ್ಯಮಂತ್ರಿಯನ್ನು ಚುನಾಯಿಸುತ್ತದೆ. ತುರಿಂಗಿಯಾ ಸಂವಿಧಾನದ 70ನೇ ವಿಧಿಯ ಪ್ರಕಾರ ಚರ್ಚೆ ಇಲ್ಲದೆ, ಗುಪ್ತ ಮತದಾನದಲ್ಲಿ ಈ ಆಯ್ಕೆ ನಡೆಯಬೇಕು. ಮೊದಲ ಸುತ್ತಿನಲ್ಲಿ ಸದನದ ಒಟ್ಟು ಬಲದ ಬಹುಮತ ಬೇಕು. ಎರಡನೇ ಸುತ್ತಿನಲ್ಲೂ ಅಷ್ಟೇ. ಎರಡರಲ್ಲೂ ಯಾರೂ ಗೆಲ್ಲದಿದ್ದರೆ ಮೂರನೇ ಸುತ್ತು. ಅಲ್ಲಿ ಬಹುಮತದ ಮಾತೇ ಇಲ್ಲ. ಯಾರಿಗೆ ಜಾಸ್ತಿ ಮತವೋ ಅವರೇ ಮುಖ್ಯಮಂತ್ರಿ.

ಇದನ್ನು ಬರೆದವರು ದಡ್ಡರೇನಲ್ಲ. ಈ ಸಂವಿಧಾನ ಸಿದ್ಧವಾದದ್ದು 1993ರಲ್ಲಿ. ವಾರ್ಟ್‌ಬುರ್ಗ್ ಕೋಟೆಯಲ್ಲಿ ಕೂತು ಲಾಂಡ್‌ಟಾಗ್ ಅದನ್ನು ಅಂಗೀಕರಿಸಿತು. ಮರುವರ್ಷ ಜನಮತಗಣನೆಯೂ ಒಪ್ಪಿತು. ರಾಜ್ಯ ಸರ್ಕಾರವಿಲ್ಲದೆ ನಿಲ್ಲಬಾರದು ಎಂಬುದೇ ಮೂರನೇ ಸುತ್ತಿನ ಉದ್ದೇಶ. ಹಾಗೊಂದು ದಾರಿ ಇಲ್ಲದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಹೆಸ್ಸನ್ ರಾಜ್ಯ ನೋಡಿದರೆ ಸಾಕು. ಅಲ್ಲಿ ಯಾವ ಸುತ್ತಿನಲ್ಲೂ ಪೂರ್ಣ ಬಹುಮತ ಬೇಕೇ ಬೇಕು. 2008ರ ಚುನಾವಣೆಯ ಮೇಲೆ ಯಾರಿಗೂ ಅದು ಒದಗಲಿಲ್ಲ. ಹಳೆಯ ಮುಖ್ಯಮಂತ್ರಿ ರೋಲಾಂಡ್ ಕೋಖ್ ಹಂಗಾಮಿಯಾಗಿಯೇ ತಿಂಗಳುಗಟ್ಟಲೆ ಕೂತರು. 2009ರ ಜನವರಿಯಲ್ಲಿ ಮತ್ತೆ ಚುನಾವಣೆ ಮಾಡಬೇಕಾಯಿತು. ತುರಿಂಗಿಯಾದವರು ಇಂಥ ಬಿಕ್ಕಟ್ಟಿಗೆ ಮೊದಲೇ ಬಾಗಿಲು ಹಾಕಿದ್ದರು. ಅಲ್ಪಮತದ ಸರ್ಕಾರವಾದರೂ ಸರಿ, ಸರ್ಕಾರ ಅಂತ ಒಂದಿರಲಿ ಎಂಬ ಲೆಕ್ಕ.

ಆದರೆ ಆ ನಿಯಮದಲ್ಲಿ ಎರಡು ಸಂದುಗಳಿದ್ದವು. ಮತದಾನ ಗುಪ್ತ ಎಂಬುದು ಮೊದಲನೆಯದು. ಗುಪ್ತ ಮತದಾನ ಜರ್ಮನ್ ರಾಜಕಾರಣಿಗಳಿಗೆ ಮೊದಲೂ ಕೈಕೊಟ್ಟಿತ್ತು. 2005ರಲ್ಲಿ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯದಲ್ಲಿ ಹೈಡೆ ಸಿಮೋನಿಸ್ ನಾಲ್ಕು ಸುತ್ತು ನಿಂತರೂ ಬೇಕಾದ ಬಹುಮತಕ್ಕೆ ಒಂದು ಮತ ಕಮ್ಮಿಯಾಗಿ ಆಯ್ಕೆಯಾಗಲಿಲ್ಲ. ಕೈಕೊಟ್ಟವರು ಯಾರೆಂದು ಇವತ್ತಿಗೂ ಹೊರಬಂದಿಲ್ಲ. ಎರಡನೆಯ ಸಂದು, ಮೂರನೇ ಸುತ್ತಿಗೆ ಹೊಸ ಹೆಸರು ಸೇರಿಸಬಹುದು ಎಂಬುದು. ಮೊದಲ ಎರಡು ಸುತ್ತಿನಲ್ಲಿ ಕಾಣದ ಅಭ್ಯರ್ಥಿ ಕೊನೆಯಲ್ಲಿ ಎದ್ದು ನಿಲ್ಲಬಹುದು.

ಫೆಬ್ರವರಿ 5ರಂದು ನಡೆದದ್ದು ಅದೇ. ಮೊದಲ ಸುತ್ತಿನಲ್ಲಿ ರಾಮೆಲೊಗೆ 43. ಎಎಫ್‌ಡಿ ತನ್ನ ಪಕ್ಷದವರನ್ನು ನಿಲ್ಲಿಸಿರಲಿಲ್ಲ. ಯಾವ ಪಕ್ಷಕ್ಕೂ ಸೇರದ, ಒಂದು ಸಣ್ಣ ಹಳ್ಳಿಯ ಗೌರವ ಮೇಯರ್ ಒಬ್ಬರನ್ನು ನಿಲ್ಲಿಸಿತ್ತು. ಅವರಿಗೆ 25 ಬಂತು. ಎಎಫ್‌ಡಿಯ ಬಲ 22 ಎಂಬುದು ನೆನಪಿರಲಿ. ಆ ಮೂರು ಹೆಚ್ಚುವರಿ ಮತ ಎಲ್ಲಿಂದ ಬಂತು? ಗುಪ್ತ ಮತದಾನ, ಕೇಳುವ ಹಾಗಿಲ್ಲ. ಎರಡನೇ ಸುತ್ತಿನಲ್ಲಿ ರಾಮೆಲೊಗೆ 44, ಮೇಯರ್‌ಗೆ 22, ತಟಸ್ಥರು 24. ಮೂರನೇ ಸುತ್ತಿಗೆ ಕೆಮ್ಮರಿಶ್ ಹೆಸರು ಸೇರಿತು. ಎಣಿಕೆ ಮುಗಿದಾಗ ಕೆಮ್ಮರಿಶ್‌ಗೆ 45, ರಾಮೆಲೊಗೆ 44, ಒಬ್ಬರು ತಟಸ್ಥ. ಎಎಫ್‌ಡಿ ನಿಲ್ಲಿಸಿದ್ದ ಮೇಯರ್‌ಗೆ ಸೊನ್ನೆ.

ಈ ಸೊನ್ನೆಯನ್ನು ಸ್ವಲ್ಪ ಹೊತ್ತು ನೋಡಿ. ಮೂರನೇ ಸುತ್ತಿನಲ್ಲೂ ಅಭ್ಯರ್ಥಿಯನ್ನು ಹಿಂದಕ್ಕೆ ಕರೆಯದೆ ನಿಲ್ಲಿಸಿ, ಅವರಿಗೆ ಒಂದೇ ಒಂದು ಮತ ಹಾಕಲಿಲ್ಲ. ಏಕೆ ಅಂದರೆ ಆತ ಗಾಳದ ಎರೆಹುಳು. ಕೆಮ್ಮರಿಶ್ ತಾವು ಏಕೆ ನಿಲ್ಲುತ್ತೇವೆ ಎಂಬುದಕ್ಕೆ ಒಂದು ಕಾರಣ ಕೊಟ್ಟಿದ್ದರು. ಎಡತುದಿಯವರೂ ಬಲತುದಿಯವರೂ ಇಬ್ಬರೂ ಕಣದಲ್ಲಿದ್ದರೆ ಮಾತ್ರ ನಡುವಿನವನಾಗಿ ನಾನು ನಿಲ್ಲುತ್ತೇನೆ ಎಂದಿದ್ದರು. ಹಾಗಾದರೆ ಬಲತುದಿಯವನು ಕಣದಲ್ಲಿ ಉಳಿಯಬೇಕು, ಇಲ್ಲದಿದ್ದರೆ ಮೀನು ಹತ್ತಿರ ಬರುವುದಿಲ್ಲ. ಎಎಫ್‌ಡಿಗೆ ಇದು ಚೆನ್ನಾಗಿ ಅರ್ಥವಾಗಿತ್ತು.

ಮೀನಿಗೆ ಗಾಳ ಕಾಣಲಿಲ್ಲವೇ? ಆಮೇಲೆ ಹಲವರು ಹಾಗೇ ಹೇಳಿದರು. ನಮಗೇನು ಗೊತ್ತು, ಹೀಗೆ ಮೋಸ ಮಾಡುತ್ತಾರೆ ಅಂತ ಅಂದುಕೊಂಡಿರಲಿಲ್ಲ ಎಂದರು. ಇದನ್ನು ನಂಬುವುದು ಕಷ್ಟ. ಚುನಾವಣೆ ಮುಗಿದ ಕೂಡಲೇ, 2019ರ ನವೆಂಬರ್‌ನಲ್ಲೇ, ಹ್ಯೋಕೆ ಸಿಡಿಯುಗೂ ಎಫ್‌ಡಿಪಿಗೂ ಪತ್ರ ಬರೆದು ನಿಮಗೆ ಬೆಂಬಲ ಕೊಡಲು ಸಿದ್ಧ ಎಂದಿದ್ದರು. ಸದನದಲ್ಲಿ 22 ಎಎಫ್‌ಡಿ, 21 ಸಿಡಿಯು, 5 ಎಫ್‌ಡಿಪಿ. ಕೂಡಿದರೆ 48. ಈ ಲೆಕ್ಕ ಮಾಡಲು ಇತಿಹಾಸದ ಕ್ಲಾಸೂ ಬೇಡ, ಗಣಿತದ ಕ್ಲಾಸೂ ಬೇಡ. ಐದು ಸೀಟಿನ ಪಕ್ಷದ ಅಭ್ಯರ್ಥಿ ಸುಮ್ನೆ ಸಾಂಕೇತಿಕವಾಗಿ ನಿಲ್ಲುತ್ತಾನೆ ಅಂದರೆ, ಆ ಸಂಕೇತಕ್ಕೆ 45 ಮತ ಬಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಜೇಬಿನಲ್ಲಿ ಇರಬೇಕಿತ್ತು.

ಉತ್ತರ ಹೇಳುವ ಗಳಿಗೆಯೂ ಬಂತು. ಸದನದ ಅಧ್ಯಕ್ಷರು ಕೇಳಿದರು, ಈ ಆಯ್ಕೆಯನ್ನು ಒಪ್ಪುತ್ತೀರಾ? ಇದು ಬರೀ ಶಾಸ್ತ್ರಕ್ಕೆ ಕೇಳುವ ಪ್ರಶ್ನೆ ಅಲ್ಲ. ಇಲ್ಲ ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಕೆಮ್ಮರಿಶ್ ಒಪ್ಪುತ್ತೇನೆ ಎಂದರು. ಮತ ಹಾಕಿದ್ದು ಎಎಫ್‌ಡಿಯ ಕೈ. ಒಪ್ಪಿಕೊಂಡದ್ದು ಮಾತ್ರ ಕೆಮ್ಮರಿಶ್ ಅವರ ಬಾಯಿ. ಅಭಿನಂದಿಸಲು ಬಂದವರ ಸಾಲಿನಲ್ಲಿ ಡಿ ಲಿಂಕೆಯ ನಾಯಕಿ ಸುಸಾನೆ ಹೆನ್ನಿಶ್-ವೆಲ್ಸೊ ಹೂಗುಚ್ಛವನ್ನು ಕೈಗೆ ಕೊಡದೆ ಅವರ ಕಾಲ ಬಳಿ ಎಸೆದು ನಡೆದರು. ಹ್ಯೋಕೆ ಬಂದು ಕೈಕುಲುಕಿದರು. ಈ ಎರಡು ಚಿತ್ರಗಳು ಆ ಸಂಜೆಯೊಳಗೆ ಇಡೀ ಜರ್ಮನಿ ಸುತ್ತಿದವು. ಎರ್ಫುರ್ಟ್‌ನಲ್ಲಿ ಜನ ಬೀದಿಗಿಳಿದರು. ಬರ್ಲಿನ್‌ನಲ್ಲಿ ಎಫ್‌ಡಿಪಿ ಕಚೇರಿ ಮುಂದೆಯೂ ಸೇರಿದರು.

ಹೊರಗಿನವರಿಗೆ ಇಷ್ಟು ಗಲಾಟೆ ಯಾಕೆ ಅನ್ನಿಸಬಹುದು. ಒಂದು ಪಕ್ಷ ಇನ್ನೊಂದು ಪಕ್ಷದ ಅಭ್ಯರ್ಥಿಗೆ ಮತ ಹಾಕಿತು, ಅಷ್ಟೇ ತಾನೆ? ತುರಿಂಗಿಯಾದಲ್ಲಿ ಅದು ಅಷ್ಟೇ ಅಲ್ಲ. ಇಡೀ ಜರ್ಮನಿಯಲ್ಲಿ ನಾಜಿ ಪಕ್ಷದವನೊಬ್ಬ ಮೊದಲ ಬಾರಿ ರಾಜ್ಯದ ಮಂತ್ರಿಯಾದದ್ದು ಇದೇ ತುರಿಂಗಿಯಾದಲ್ಲಿ, 1930ರ ಜನವರಿಯಲ್ಲಿ. ಆತ ವಿಲ್‌ಹೆಲ್ಮ್ ಫ್ರಿಕ್. ಆಗಲೂ ಎಡಪಂಥೀಯರನ್ನು ಹೊರಗಿಡಬೇಕು ಅಂತ ಬಲಪಂಥದ ಮತ್ತು ಮಧ್ಯಮವರ್ಗದ ಪಕ್ಷಗಳು ಸೇರಿ ಸರ್ಕಾರ ಮಾಡಿದ್ದವು. ಅವಕ್ಕೆ ಸಂಖ್ಯೆ ಸಾಲದೆ ನಾಜಿಗಳನ್ನು ಸೇರಿಸಿಕೊಂಡವು. ಫ್ರಿಕ್ ಕೈಗೆ ಗೃಹ ಮತ್ತು ಶಿಕ್ಷಣ ಖಾತೆ, ಅಂದರೆ ಪೊಲೀಸರೂ ಶಾಲೆಗಳೂ ಸಿಕ್ಕವು. ಆ ಸರ್ಕಾರವೂ ಜಾಸ್ತಿ ಬಾಳಲಿಲ್ಲ, 1931ರ ಏಪ್ರಿಲ್‌ನಲ್ಲಿ ಫ್ರಿಕ್ ಹೊರಬಿದ್ದ. ಎರಡು ವರ್ಷ ಕಳೆಯುವ ಮೊದಲೇ ಆತ ಹಿಟ್ಲರ್‌ನ ಗೃಹಮಂತ್ರಿಯಾಗಿದ್ದ. 1946ರಲ್ಲಿ ನ್ಯೂರೆಂಬರ್ಗ್‌ನಲ್ಲಿ ನೇಣಿಗೇರಿದ. ಅದೇ ರಾಜ್ಯದ ವೈಮಾರ್ ಊರಿನ ಪಕ್ಕದಲ್ಲಿ ನಾಜಿಗಳ ಬುಖನ್‌ವಾಲ್ಡ್ ಯಾತನಾ ಶಿಬಿರದ ಸ್ಮಾರಕವಿದೆ.

ಸೋತ ರಾಮೆಲೊ ಟ್ವಿಟರ್‌ನಲ್ಲಿ ಎರಡು ಫೋಟೊ ಜೋಡಿಸಿ ಹಾಕಿದರು. ಹಿಟ್ಲರ್‌ಗೆ ಅಧಿಕಾರ ಕೊಟ್ಟ ಅಧ್ಯಕ್ಷ ಹಿಂಡನ್‌ಬರ್ಗ್ ಕೈಕುಲುಕುತ್ತಿರುವ ಹಿಟ್ಲರ್ ಒಂದು ಕಡೆ, ಕೆಮ್ಮರಿಶ್ ಕೈಕುಲುಕುತ್ತಿರುವ ಹ್ಯೋಕೆ ಇನ್ನೊಂದು ಕಡೆ. ಜೊತೆಗೆ 1930ರಲ್ಲಿ ತುರಿಂಗಿಯಾದ ಗೆಲುವಿನ ಬಗ್ಗೆ ಹಿಟ್ಲರ್ ಬೀಗಿದ್ದ ಮಾತು. ಹೋಲಿಕೆ ಅತಿಯಾಯಿತು ಎಂದವರಿದ್ದಾರೆ. ಹೌದು, 2020 ಎಂಬುದು 1930 ಅಲ್ಲ, ಕೆಮ್ಮರಿಶ್ ಹಿಂಡನ್‌ಬರ್ಗ್ ಅಲ್ಲವೇ ಅಲ್ಲ. ಆದರೆ ಎಡದವರನ್ನು ದೂರ ಇಡಲು ಬಲತುದಿಯ ಮತ ಎಣಿಸಿಕೊಂಡರೆ ತಪ್ಪೇನು ಎಂಬ ಲೆಕ್ಕ ಎರಡೂ ಕಡೆ ಒಂದೇ. ಆ ಪೋಸ್ಟರ್ ನೆನಪಾದವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬಲತುದಿಯನ್ನು ದೂರ ಇಡುವುದಕ್ಕೆ ಜರ್ಮನ್ನರು ಬಳಸುವ ಪದ ಬ್ರಾಂಡ್‌ಮೌವರ್. ಸಾಲುಮನೆಗಳ ನಡುವೆ ಒಂದರ ಬೆಂಕಿ ಇನ್ನೊಂದಕ್ಕೆ ಹಬ್ಬದಂತೆ ಕಟ್ಟುವ ದಪ್ಪ ಗೋಡೆ. ಎಎಫ್‌ಡಿಗೂ ಉಳಿದ ಪಕ್ಷಗಳಿಗೂ ನಡುವೆ ಅಂಥ ಗೋಡೆ ಇರಬೇಕು ಎಂಬುದು ಅಲ್ಲಿಯ ಒಪ್ಪಂದ. ಫೆಬ್ರವರಿ 5ರ ಸಂಜೆ ಓಡಾಡಿದ ಇನ್ನೊಂದು ಪದ ಡಾಮ್‌ಬ್ರುಖ್, ಅಣೆಕಟ್ಟು ಒಡೆಯಿತು ಅಂತ. ಎಫ್‌ಡಿಪಿಯ ಹಿರಿಯ ವೋಲ್ಫ್‌ಗಾಂಗ್ ಕುಬಿಕಿಗೆ ಮಾತ್ರ ಮೊದಲು ಕಂಡದ್ದು ಕೆಮ್ಮರಿಶ್ ಅವರ ದೊಡ್ಡ ಗೆಲುವು. ಹಾಗಂತ ಹೇಳಿಯೂಬಿಟ್ಟರು. ಮರುದಿನವೇ ಪಕ್ಷದ ರಾಗ ಬದಲಾಯಿತು. ರಾಷ್ಟ್ರೀಯ ಅಧ್ಯಕ್ಷ ಕ್ರಿಸ್ಟಿಯಾನ್ ಲಿಂಡ್ನರ್ ಎರ್ಫುರ್ಟ್‌ಗೆ ಓಡಿಬಂದರು. ಸದನ ವಿಸರ್ಜಿಸಿ ಹೊಸ ಚುನಾವಣೆಗೆ ದಾರಿ ಮಾಡುತ್ತೇವೆ ಎಂದು ಕೆಮ್ಮರಿಶ್ ಪ್ರಕಟಿಸಿದರು. ಫೆಬ್ರವರಿ 8ರಂದು ರಾಜೀನಾಮೆ.

ಇಷ್ಟು ಆದಮೇಲೂ ಅವರು ಕುರ್ಚಿಯಿಂದ ಏಳುವ ಹಾಗಿರಲಿಲ್ಲ. ಹೊಸಬರು ಆಯ್ಕೆಯಾಗುವವರೆಗೆ ಹಳಬರು ಹಂಗಾಮಿಯಾಗಿ ಮುಂದುವರಿಯಬೇಕು ಎಂಬುದು ನಿಯಮ. ಈ 28 ದಿನದ ವಿಚಿತ್ರ ಭಾಗ ಇದೇ. ಕೆಮ್ಮರಿಶ್ ಪ್ರಮಾಣವಚನ ತೆಗೆದುಕೊಂಡ ಗಳಿಗೆಯಲ್ಲೇ ರಾಮೆಲೊ ಸಂಪುಟದ ಎಲ್ಲ ಮಂತ್ರಿಗಳ ಅಧಿಕಾರ ಮುಗಿದಿತ್ತು. ಹೊಸ ಮಂತ್ರಿಗಳನ್ನು ಅವರು ನೇಮಿಸಲಿಲ್ಲ. ಯಾರನ್ನು ಅಂತ ನೇಮಿಸಿಯಾರು? ಎಸ್‌ಪಿಡಿ ಮತ್ತು ಹಸಿರು ಪಕ್ಷ ಮುಖ ತಿರುಗಿಸಿದ್ದವು. ಸಿಡಿಯು ಸೇರಿದರೂ ಎಫ್‌ಡಿಪಿ ಜೊತೆ ಬರೀ 26. ಎಎಫ್‌ಡಿಯನ್ನು ಒಳಗೆ ಕರೆದುಕೊಳ್ಳುವುದಿಲ್ಲ ಎಂದು ಅವರೇ ಹೇಳಿದ್ದರು. ಹೀಗಾಗಿ ಗೃಹ, ಹಣಕಾಸು, ಶಿಕ್ಷಣ, ಆರೋಗ್ಯ, ಎಲ್ಲ ಇಲಾಖೆಗಳನ್ನೂ ರಾಮೆಲೊ ಕಾಲದ ರಾಜ್ಯ ಕಾರ್ಯದರ್ಶಿಗಳೇ ನೋಡಿಕೊಂಡರು. ಸಂಪುಟ ಸಭೆ ಕರೆದರೆ ಕೋಣೆಯಲ್ಲಿ ಇರುವ ಮಂತ್ರಿ ಒಬ್ಬರೇ. ಜರ್ಮನಿಯ ಸಂಸತ್ತಿನ ಮೇಲ್ಮನೆಯಂತಿರುವ ಬುಂಡೆಸ್‌ರಾಟ್‌ನಲ್ಲಿ ತುರಿಂಗಿಯಾಕ್ಕೆ 4 ಮತ ಇದೆ. ಅಲ್ಲಿ ರಾಜ್ಯ ಸರ್ಕಾರದ ಸದಸ್ಯರಷ್ಟೇ ಮತ ಹಾಕಬಹುದು. ಕಾರ್ಯದರ್ಶಿಗಳು ಹಾಕುವಂತಿಲ್ಲ. ಅಂದರೆ ಇಪ್ಪತ್ತೊಂದು ಲಕ್ಷ ಜನರ ರಾಜ್ಯದ ಪರವಾಗಿ ಅಲ್ಲಿ ಕೂರಲು ಅರ್ಹತೆ ಇದ್ದದ್ದು ರಾಜೀನಾಮೆ ಕೊಟ್ಟ ಆ ಒಬ್ಬರಿಗೆ.

ಚುನಾವಣೆ ಮಾಡಿಸುತ್ತೇನೆ ಎಂಬ ಮಾತೂ ಅವರ ಕೈಯಲ್ಲಿರಲಿಲ್ಲ. ತುರಿಂಗಿಯಾದಲ್ಲಿ ಮುಖ್ಯಮಂತ್ರಿ ತಾನಾಗಿ ಸದನ ವಿಸರ್ಜಿಸುವಂತಿಲ್ಲ. ಸದನವೇ ಮೂರನೇ ಎರಡರಷ್ಟು ಮತದಿಂದ, ಅಂದರೆ 60 ಮತದಿಂದ, ತನ್ನನ್ನು ತಾನು ಮುಗಿಸಿಕೊಳ್ಳಬೇಕು. ಆಗ ಚುನಾವಣೆ ಎಂದರೆ ಸಿಡಿಯುಗೆ ಬೆವರು. ಎಫ್‌ಡಿಪಿಗಂತೂ ಆ 73 ಮತದ ನೆನಪು. ಯಾರಿಗೂ ಅವಸರ ಇರಲಿಲ್ಲ.

ಎರ್ಫುರ್ಟ್‌ನಲ್ಲಿ ಎದ್ದ ಗಾಳಿ ಬರ್ಲಿನ್‌ನಲ್ಲಿ ಮರಗಳನ್ನು ಉರುಳಿಸಿತು. ಕೇಂದ್ರದಲ್ಲಿ ಪೂರ್ವ ರಾಜ್ಯಗಳ ಉಸ್ತುವಾರಿ ಹೊತ್ತಿದ್ದ ಸಿಡಿಯುನ ಕ್ರಿಸ್ಟಿಯಾನ್ ಹಿರ್ಟೆ ಕೆಮ್ಮರಿಶ್‌ಗೆ ಟ್ವಿಟರ್‌ನಲ್ಲಿ ಅಭಿನಂದನೆ ಹೇಳಿದ್ದರು. ಆ ಒಂದು ಸಂದೇಶಕ್ಕೆ ಹುದ್ದೆ ಹೋಯಿತು. ಸಿಡಿಯು ರಾಷ್ಟ್ರೀಯ ಅಧ್ಯಕ್ಷೆ ಅನ್ನೆಗ್ರೆಟ್ ಕ್ರಾಂಪ್-ಕಾರೆನ್‌ಬೌವರ್ ಅವರಿಗೆ ತುರಿಂಗಿಯಾದ ತಮ್ಮ ಶಾಸಕರ ಮೇಲೆ ಹಿಡಿತ ಇಲ್ಲದ್ದು ಎಲ್ಲರಿಗೂ ಕಂಡಿತ್ತು. ಫೆಬ್ರವರಿ 10ರಂದು ಅವರು ಚಾನ್ಸೆಲರ್ (ಕೇಂದ್ರ ಸರ್ಕಾರದ ಮುಖ್ಯಸ್ಥ) ಹುದ್ದೆಗೆ ಅಭ್ಯರ್ಥಿ ಆಗುವುದಿಲ್ಲ, ಅಧ್ಯಕ್ಷ ಸ್ಥಾನವನ್ನೂ ಬಿಡುತ್ತೇನೆ ಎಂದರು. ಆಗ ಚಾನ್ಸೆಲರ್ ಆಗಿದ್ದ ಮರ್ಕೆಲ್ ನಂತರ ಯಾರು ಎಂಬ ಪ್ರಶ್ನೆಗೆ ಸಿಡಿಯು ಸಿದ್ಧ ಮಾಡಿಟ್ಟಿದ್ದ ಉತ್ತರವೇ ಹೀಗೆ ಅಳಿಸಿಹೋಯಿತು. ತುರಿಂಗಿಯಾ ಸಿಡಿಯು ನಾಯಕ ಮೈಕ್ ಮೋರಿಂಗ್ ಕೂಡ ಸ್ಥಾನ ಬಿಟ್ಟರು. ಫೆಬ್ರವರಿ 23ರಂದು ಹ್ಯಾಂಬರ್ಗ್ ಚುನಾವಣೆಯಲ್ಲಿ ಎಫ್‌ಡಿಪಿ ಶೇ. 5ರ ಗೆರೆಯನ್ನು ಕೂದಲೆಳೆಯಷ್ಟರಲ್ಲಿ ಮುಟ್ಟಲಾಗದೆ ಹೋಯಿತು. ಈ ಸಲ ಕೂದಲು ಇನ್ನೊಂದು ಕಡೆಗೆ ಬಿತ್ತು.

ಆಂಗೆಲಾ ಮರ್ಕೆಲ್ ಕತೆ ಬೇರೆಯೇ. ಫೆಬ್ರವರಿ 6ರಂದು ಅವರು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿದ್ದರು. ಅಧ್ಯಕ್ಷ ರಾಮಫೋಸಾ ಪಕ್ಕದಲ್ಲಿ ನಿಂತು ಪತ್ರಿಕಾಗೋಷ್ಠಿ. ವಿಷಯಕ್ಕೆ ಹೋಗುವ ಮೊದಲು ದೇಶದೊಳಗಿನ ಒಂದು ಮಾತು ಎಂದು ಶುರುಮಾಡಿ, ತುರಿಂಗಿಯಾದಲ್ಲಿ ಆದದ್ದು ಕ್ಷಮಿಸಲಾಗದ್ದು, ಆ ಫಲಿತಾಂಶವನ್ನು ರದ್ದಾಗಿಸಬೇಕು ಎಂಬರ್ಥದ ಮಾತು ಹೇಳಿದರು. ಅದು ಸರ್ಕಾರದ ವೆಬ್‌ಸೈಟಿನಲ್ಲೂ ಬಂತು. ಎಎಫ್‌ಡಿ ಕೋರ್ಟಿಗೆ ಹೋಯಿತು. 2022ರ ಜೂನ್ 15ರಂದು ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯ 5-3ರ ತೀರ್ಪಿನಲ್ಲಿ ಎಎಫ್‌ಡಿ ಪರ ನಿಂತಿತು. ಸರ್ಕಾರದ ಮುಖ್ಯಸ್ಥೆಯಾಗಿ, ಸರ್ಕಾರಿ ವೇದಿಕೆಯಿಂದ ಒಂದು ಪಕ್ಷದ ವಿರುದ್ಧ ಹೀಗೆ ಮಾತಾಡಿದರೆ ಪಕ್ಷಗಳ ಸಮಾನ ಅವಕಾಶಕ್ಕೆ ಪೆಟ್ಟು ಎಂಬುದು ತೀರ್ಪಿನ ತಿರುಳು. ನನಗೆ ಮರ್ಕೆಲ್ ಮಾತೂ ಸರಿ ಅನ್ನಿಸುತ್ತದೆ, ತೀರ್ಪೂ ಸರಿ ಅನ್ನಿಸುತ್ತದೆ. ಅದೇ ಮಾತನ್ನು ಅವರು ಸಿಡಿಯು ಕಚೇರಿಯಲ್ಲಿ ನಿಂತು ಹೇಳಿದ್ದರೆ ಕೇಸೇ ಇರುತ್ತಿರಲಿಲ್ಲ. ಗೋಡೆ ಕಾಯುವವರು ಅಂಗಳದ ನಿಯಮವನ್ನೂ ಪಾಲಿಸಬೇಕಾಗುತ್ತದೆ. ಅಲ್ಲಿ ಎಡವಿದ್ದರಿಂದ ಎಎಫ್‌ಡಿಗೆ ಬಿಟ್ಟಿಯಾಗಿ ಒಂದು ಗೆಲುವು ಸಿಕ್ಕಿತು.

ನಡುವೆ ರಾಮೆಲೊ ಒಂದು ಜಾಣ ದಾರಿ ಹುಡುಕಿದರು. ಸಿಡಿಯುನದೇ ಮಾಜಿ ಮುಖ್ಯಮಂತ್ರಿ ಕ್ರಿಸ್ಟೀನೆ ಲೀಬರ್‌ಕ್ನೆಖ್ಟ್ ಅವರನ್ನು ಚಿಕ್ಕ ಸಂಪುಟದೊಂದಿಗೆ ಕೆಲವು ವಾರಕ್ಕೆ ಕೂರಿಸೋಣ, ಬೇಗ ಚುನಾವಣೆ ಮಾಡೋಣ ಎಂದರು. 2014ರಲ್ಲಿ ರಾಮೆಲೊ ಕುರ್ಚಿ ಹಿಡಿದದ್ದು ಇದೇ ಲೀಬರ್‌ಕ್ನೆಖ್ಟ್ ಅವರಿಂದ! ಸಿಡಿಯು ಪೂರ್ತಿ ಸಂಪುಟ ಬೇಕು, ಚುನಾವಣೆ ತಡವಾಗಲಿ ಎಂದು ಎಳೆದಾಡಿತು. ಎರಡೇ ದಿನದಲ್ಲಿ ಆಕೆ ಹಿಂದೆ ಸರಿದರು.

ಕೊನೆಗೆ ಮಾರ್ಚ್ 4ರಂದು ಮತ್ತೆ ಮತದಾನ. ಮೊದಲೆರಡು ಸುತ್ತಿನಲ್ಲಿ ಹ್ಯೋಕೆ ತಾವೇ ಎದುರು ನಿಂತರು. ಮೂರನೇ ಸುತ್ತಿಗೆ ಹಿಂದೆ ಸರಿದರು. ಸಿಡಿಯು ತಟಸ್ಥವಾಗಿ ಉಳಿಯಿತು. ಎಫ್‌ಡಿಪಿಯ ಐವರು ಮತದಾನದಲ್ಲಿ ಪಾಲ್ಗೊಳ್ಳಲಿಲ್ಲ. ರಾಮೆಲೊ ಪರ 42, ವಿರುದ್ಧ 23, ತಟಸ್ಥ 20. ಒಂದು ತಿಂಗಳ ಕೆಳಗೆ ಕೆಮ್ಮರಿಶ್‌ರನ್ನು ಕೂರಿಸಿದ ಅದೇ ಮೂರನೇ ಸುತ್ತು ಈಗ ರಾಮೆಲೊರನ್ನು ಕೂರಿಸಿತು. ಅಭಿನಂದಿಸಲು ಬಂದ ಹ್ಯೋಕೆಯ ಕೈಯನ್ನು ರಾಮೆಲೊ ಮುಟ್ಟಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದವು. ಮಂತ್ರಿಗಳೇ ಇಲ್ಲದ ಸರ್ಕಾರ ಇನ್ನೊಂದು ತಿಂಗಳು ಎಳೆದಿದ್ದರೆ ಏನಾಗುತ್ತಿತ್ತೋ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2021ರ ಏಪ್ರಿಲ್‌ಗೆ ನಿಗದಿಯಾದ ಚುನಾವಣೆ ಸೆಪ್ಟೆಂಬರ್‌ಗೆ ಹೋಯಿತು. ಸಿಡಿಯುನ ಕೆಲವರು ವಿಸರ್ಜನೆಗೆ ಮತ ಹಾಕುವುದಿಲ್ಲ ಎಂದಾಗ ಆ 60ರ ಭರವಸೆ ಮುರಿಯಿತು. ಎಎಫ್‌ಡಿ ಮತಗಳ ಮೇಲೆ ನಿಲ್ಲಬಾರದು ಎಂದು ಪ್ರಸ್ತಾಪವನ್ನೇ ವಾಪಸ್ ತೆಗೆದರು. ಅಲ್ಪಮತದ ಸರ್ಕಾರವೇ ಸುಮಾರು ಐದು ವರ್ಷ ನಡೆಯಿತು. 2023ರ ಸೆಪ್ಟೆಂಬರ್‌ನಲ್ಲಿ ಅದೇ ಸದನದಲ್ಲಿ ಸಿಡಿಯು ತಂದ ಆಸ್ತಿ ಖರೀದಿ ತೆರಿಗೆ ಕಡಿತ ಎಎಫ್‌ಡಿ ಮತಗಳಿಂದ ಪಾಸಾಯಿತು. ಈ ಸಲ ಗಲಾಟೆ ಆಯಿತು, ಆದರೆ ಯಾರ ಹುದ್ದೆಯೂ ಹೋಗಲಿಲ್ಲ. 2025ರ ಜನವರಿಯಲ್ಲಿ ಬರ್ಲಿನ್‌ನ ರಾಷ್ಟ್ರೀಯ ಸಂಸತ್ತು ಬುಂಡೆಸ್‌ಟಾಗ್‌ನಲ್ಲೇ ವಲಸೆಯ ಬಗ್ಗೆ ಸಿಡಿಯು ತಂದ ಒಂದು ನಿರ್ಣಯ ಎಎಫ್‌ಡಿ ಮತದಿಂದ ಗೆದ್ದಿತು. ಲಕ್ಷಗಟ್ಟಲೆ ಜನ ಬೀದಿಗಿಳಿದರು. ನಿರ್ಣಯ ತಂದ ಫ್ರೀಡ್ರಿಶ್ ಮೆರ್ಟ್ಸ್ ಕೆಲವೇ ತಿಂಗಳಲ್ಲಿ ಚಾನ್ಸೆಲರ್ ಆದರು. 2020ರಲ್ಲಿ ಒಂದು ಟ್ವೀಟಿಗೆ ಹುದ್ದೆ ಹೋಗುತ್ತಿತ್ತು. ಗೋಡೆ ಒಂದೇ ಪೆಟ್ಟಿಗೆ ಬೀಳಲಿಲ್ಲ. ಗಾರೆ ಮಾತ್ರ ಸ್ವಲ್ಪ ಸ್ವಲ್ಪ ಉದುರುತ್ತಿದೆ.

ತುರಿಂಗಿಯಾದ ಮತದಾರರೂ ತಮ್ಮ ಲೆಕ್ಕ ಹೇಳಿದರು. 2024ರ ಸೆಪ್ಟೆಂಬರ್ 1ರ ಚುನಾವಣೆಯಲ್ಲಿ ಎಎಫ್‌ಡಿ ಶೇ. 32.8 ಮತದೊಂದಿಗೆ ಮೊದಲ ಸ್ಥಾನಕ್ಕೆ ಬಂತು. 2021ರಲ್ಲೇ ಅದರ ತುರಿಂಗಿಯಾ ಘಟಕವನ್ನು ರಾಜ್ಯದ ಗುಪ್ತಚರ ಇಲಾಖೆ ಖಚಿತವಾಗಿ ಬಲಪಂಥೀಯ ಉಗ್ರವಾದಿ ಎಂದು ವರ್ಗೀಕರಿಸಿತ್ತು. ಮತದಾರರಲ್ಲಿ ಮೂರನೇ ಒಂದರಷ್ಟು ಜನ ಅದನ್ನು ಲೆಕ್ಕಕ್ಕೆ ಇಡಲಿಲ್ಲ. 88ರಲ್ಲಿ 32 ಸೀಟು ಬಂದದ್ದರಿಂದ ಮೂರನೇ ಎರಡರಷ್ಟು ಮತ ಬೇಕಾದ ಯಾವ ತೀರ್ಮಾನವನ್ನೂ ಅದು ಒಂಟಿಯಾಗಿ ತಡೆಯಬಹುದು. ಎಫ್‌ಡಿಪಿಗೆ ಬಂದದ್ದು ಶೇ. 1.1.

ಆ ಡಿಸೆಂಬರ್ 12ರಂದು ಮತ್ತೆ ಮುಖ್ಯಮಂತ್ರಿ ಆಯ್ಕೆ. ಸಿಡಿಯುನ ಮಾರಿಯೊ ಫೋಯ್ಗ್ಟ್, ಸಾರಾ ವಾಗನ್‌ಕ್ನೆಖ್ಟ್ ಅವರ ಹೊಸ ಪಕ್ಷ ಮತ್ತು ಎಸ್‌ಪಿಡಿ ಸೇರಿ ಕೂಟ ಕಟ್ಟಿದ್ದರು. ಬಣ್ಣಗಳ ಲೆಕ್ಕದಲ್ಲಿ ಅದಕ್ಕೆ ಬ್ಲ್ಯಾಕ್‌ಬೆರಿ ಕೂಟ ಅಂತ ಹೆಸರು ಬಿತ್ತು. ಮೂವರೂ ಸೇರಿದರೆ ಸರಿಯಾಗಿ 44, ಅರ್ಧಕ್ಕೆ ಅರ್ಧ. ಮೂರನೇ ಸುತ್ತಿಗೆ ಹೋದರೆ ಏನು ಗತಿ ಎಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಫೋಯ್ಗ್ಟ್ ಮೊದಲ ಸುತ್ತಿನಲ್ಲೇ 51 ಮತ ಪಡೆದು ಗೆದ್ದರು. ಕೂಟದ ಹೊರಗಿನ ಆ ಏಳು ಮತ ಯಾರದ್ದು? ಮತದಾನ ಗುಪ್ತ. ಸದನದಲ್ಲಿ ಉಳಿದಿದ್ದವರು ಎರಡೇ ಪಕ್ಷದವರು: ಒಂದು ಎಎಫ್‌ಡಿ, ಇನ್ನೊಂದು ಸಿಡಿಯು ಮುಟ್ಟುವುದಿಲ್ಲ ಎಂದಿದ್ದ ಡಿ ಲಿಂಕೆ.

2020ರ ಮೇಲೆ 70ನೇ ವಿಧಿಯ ಬಗ್ಗೆ ತಜ್ಞರು ಬೇಕಾದಷ್ಟು ಬರೆದಿದ್ದಾರೆ. ಕೊನೆಯ ಸುತ್ತಿನಲ್ಲಿ ಒಬ್ಬರೇ ಅಭ್ಯರ್ಥಿ ಇದ್ದು, ಪರ ಮತಕ್ಕಿಂತ ವಿರೋಧ ಮತ ಜಾಸ್ತಿ ಬಿದ್ದರೆ ಅವರು ಗೆದ್ದ ಹಾಗೋ ಸೋತ ಹಾಗೋ ಎಂಬುದೇ ಅಲ್ಲಿ ಸ್ಪಷ್ಟವಿಲ್ಲ. ಇದರ ಬಗ್ಗೆ 2014ರಲ್ಲೇ ಎರಡು ಬೇರೆ ಬೇರೆ ಕಾನೂನು ಅಭಿಪ್ರಾಯಗಳು ಬಂದಿದ್ದವು. ಆದರೂ 2024ರ ಚುನಾವಣೆಗೆ ಮೊದಲು ಆ ವಾಕ್ಯವನ್ನು ಯಾರೂ ತಿದ್ದಲಿಲ್ಲ. ತಿದ್ದಲು ಸದನದ ಮೂರನೇ ಎರಡರಷ್ಟು ಮತ ಬೇಕು. ಈಗ ಹೊಸ ಸದನದಲ್ಲಿ ಅದಕ್ಕೆ ಎಎಫ್‌ಡಿ ಒಪ್ಪಬೇಕು.

ಪಕ್ಕದ ಸ್ಯಾಕ್ಸನಿ-ಅನ್ಹಾಲ್ಟ್ ರಾಜ್ಯದ ಸಂವಿಧಾನದಲ್ಲೂ ಬಹುಮತ ಸಿಗದೆ, ಸದನವೂ ವಿಸರ್ಜನೆಯಾಗದಿದ್ದರೆ ಕೊನೆಯ ಸುತ್ತಿನಲ್ಲಿ ಹೆಚ್ಚು ಮತ ಪಡೆದವರೇ ಮುಖ್ಯಮಂತ್ರಿ ಎಂಬ ಏರ್ಪಾಡು ಇದೆ. ಅಲ್ಲಿ ಚುನಾವಣೆಗೆ ಗೊತ್ತುಮಾಡಿದ ದಿನ 2026ರ ಸೆಪ್ಟೆಂಬರ್ 6. ಅದಕ್ಕೆ ಮುನ್ನ ಬಂದ ಸಮೀಕ್ಷೆಗಳಲ್ಲಿ ಎಎಫ್‌ಡಿ ಉಳಿದೆಲ್ಲರಿಗಿಂತ ಬಹಳ ಮುಂದಿತ್ತು. 2020ರಲ್ಲಿ ಎರ್ಫುರ್ಟ್‌ನಲ್ಲಿ ಆ ಪಕ್ಷ ಬೇರೆಯವರ ಅಭ್ಯರ್ಥಿಗೆ ಮತ ಹಾಕಿ ಗಾಳ ಎಳೆದಿತ್ತು. ಸ್ಯಾಕ್ಸನಿ-ಅನ್ಹಾಲ್ಟ್‌ನ ರಾಜಧಾನಿ ಮಾಗ್ಡೆಬುರ್ಗ್‌ನಲ್ಲಿ ಅದು ನಿಲ್ಲಿಸಿದ್ದು ತನ್ನದೇ ಅಭ್ಯರ್ಥಿಯನ್ನು.